ಇಂಗ್ಲಿಷ್ ಬರವಣಿಗೆ: ಯಾವ ನಾಮಪದಕ್ಕೆ ಯಾವ ಗುಣವಾಚಕ? ಹುಡುಕೋದು ಹೇಗೆ?

ಕರಡುಪ್ರತಿ
ಒಂದು ಇಂಗ್ಲಿಷ್ ವರದಿಯ ಕರಡು ತಿದ್ದಬೇಕಿದೆ. ವ್ಯಾಕರಣ ಸರಿ ಇದೆ, ಸ್ಪೆಲ್ಲಿಂಗ್ ಸರಿ ಇದೆ, ಆದರೂ ಓದುವಾಗ ಅಲ್ಲಲ್ಲಿ ಕಲ್ಲು ಸಿಕ್ಕ ಹಾಗಾಗುತ್ತೆ. ಎಲ್ಲ ಕಡೆಯೂ ತೊಂದರೆ ಗುಣವಾಚಕದ್ದೇ. ಕೆಲವನ್ನು ಇಲ್ಲಿ ಹಾಕ್ತೀನಿ: ‘ಸ್ಟ್ರಾಂಗ್ ರೇನ್’, ‘ಫಾಸ್ಟ್ ಸ್ಪೀಡ್’, ‘ಚೀಪ್ ಪ್ರೈಸ್’, ‘ಬಿಗ್ ಅಮೌಂಟ್’, ‘ಹೈ ನಾಲೆಡ್ಜ್’, ‘ಟೆನ್ ಪೇಜಸ್ ರಿಪೋರ್ಟ್’. ವ್ಯಾಪಾರದ ನಷ್ಟಕ್ಕೆ ‘ಗ್ರೇಟ್ ಲಾಸ್’ ಅಂತ ಬೇರೆ ಇದೆ. ಇದಕ್ಕೆಲ್ಲ ಏನಾದರೂ ನಿಯಮ ಉಂಟಾ, ಇಲ್ಲ ಒಂದೊಂದನ್ನೂ ಉರು ಹೊಡೆಯಬೇಕಾ?

ಒತ್ತಕ್ಷರ
ಉರು ಹೊಡೀಬೇಕು. ನಿಯಮ ಇಲ್ಲ.

ನಿಘಂಟುಹುಳ
ಪೂರ್ತಿ ಒಪ್ಪಲ್ಲ. ಕಾಲು ಭಾಗಕ್ಕಾದರೂ ಕಾರಣ ಸಿಗುತ್ತೆ, ಕಾರಣ ಗೊತ್ತಾದರೆ ಉರು ಹೊಡೆಯೋ ಹೊರೆ ಇಳಿಯುತ್ತೆ.

ಸ್ಪೀಡ್, ಪ್ರೈಸ್, ಕಾಸ್ಟ್, ರೇಟ್, ಲೆವೆಲ್, ಟೆಂಪರೇಚರ್ ತಗೊಳ್ಳಿ. ಇವು ವಸ್ತುಗಳಲ್ಲ, ಅಳತೆಗಳು. ಅಳತೆ ಏರುತ್ತೆ ಅಥವಾ ಇಳಿಯುತ್ತೆ, ಅದಕ್ಕೇ ಇವಕ್ಕೆಲ್ಲ ಹೈ ಅಥವಾ ಲೋ. ಕಾರು ಫಾಸ್ಟ್, ಅದರ ಸ್ಪೀಡ್ ಹೈ. ಅಂಗಿ ಚೀಪ್, ಅದರ ಪ್ರೈಸ್ ಲೋ. ನೀರು ಹಾಟ್, ಅದರ ಟೆಂಪರೇಚರ್ ಹೈ. ಗುಣ ವಸ್ತುವಿಗೆ, ಏರಿಳಿತ ಅಳತೆಗೆ. ನಿಮ್ಮ ಪಟ್ಟಿಯ ‘ಫಾಸ್ಟ್ ಸ್ಪೀಡ್’, ‘ಚೀಪ್ ಪ್ರೈಸ್’ ಎರಡೂ ಇದೇ ಒಂದು ಗೊಂದಲದಿಂದ ಹುಟ್ಟಿವೆ.

ಮಸಿಕುಡಿಕೆ
ಹಾಗಾದರೆ ಡಿಸ್ಟೆನ್ಸ್ ಕೂಡ ಅಳತೆಯೇ ತಾನೆ? ‘ಹೈ ಡಿಸ್ಟೆನ್ಸ್’ ಅಂತೀರಾ? ಲಾಂಗ್ ಡಿಸ್ಟೆನ್ಸ್. ಪಾಪ್ಯುಲೇಶನ್‌ಗೆ ಲಾರ್ಜ್. ಏಜ್‌ಗೆ ಓಲ್ಡ್ ಅಥವಾ ಅಡ್ವಾನ್ಸ್ಡ್. ಹೈಟ್ ಮತ್ತು ಡೆಪ್ತ್‌ಗೆ ಗ್ರೇಟ್. ನಿಮ್ಮ ನಿಯಮ ಐದು ಹೆಜ್ಜೆ ನಡೆದು ಕೂತುಬಿಡ್ತು.

ನಿಘಂಟುಹುಳ
ಕೂರಲಿಲ್ಲ, ಅದರ ಎಲ್ಲೆ ಗೊತ್ತಾಯ್ತು. ಒಂದು ಸ್ಕೇಲ್ ಮೇಲೆ ಮುಳ್ಳು ಏರಿ ಇಳಿಯುವಂಥ ಅಳತೆಗೆ ಹೈ, ಲೋ. ಉದ್ದಕ್ಕೆ ಚಾಚಿಕೊಂಡಿರೋದು ಲಾಂಗ್. ತಲೆ ಎಣಿಸಿ, ರಾಶಿ ಒಟ್ಟುಗೂಡಿಸಿ ಬರುವುದು ಲಾರ್ಜ್: ಲಾರ್ಜ್ ನಂಬರ್, ಲಾರ್ಜ್ ಅಮೌಂಟ್, ಲಾರ್ಜ್ ಪಾಪ್ಯುಲೇಶನ್. ಹೈಟ್ ಅನ್ನೋ ನಾಮಪದ ಹೈ ಇಂದಲೇ ಹುಟ್ಟಿದ್ದು, ಡೆಪ್ತ್ ಡೀಪ್‌ನಿಂದ. ಅದೇ ಮಾತನ್ನು ಮತ್ತೆ ಮುಂದೆ ಕೂರಿಸೋಕಾಗಲ್ಲ, ಹಾಗಾಗಿ ಗ್ರೇಟ್ ಬಂತು.

ಹಾಳೆಯಂಚು
ಬಿಗ್, ಲಾರ್ಜ್, ಗ್ರೇಟ್ ಬಗ್ಗೆ ಬಿಡಿಸಿ ಹೇಳಬೇಕು, ಯಾಕೆಂದರೆ ಮೂರಕ್ಕೂ ನಮ್ಮ ತಲೆಯಲ್ಲಿ ‘ದೊಡ್ಡ’ ಅನ್ನೋ ಒಂದೇ ಮಾತು ಕೂತಿದೆ.

ಲಾರ್ಜ್ ಪ್ರಮಾಣಕ್ಕೆ ಮತ್ತು ಕಣ್ಣಿಗೆ ಕಾಣೋ ಗಾತ್ರಕ್ಕೆ, ಸ್ವಲ್ಪ ಔಪಚಾರಿಕ. ಬಿಗ್ ಗಾತ್ರಕ್ಕೂ ಆಗುತ್ತೆ, ಮಹತ್ವಕ್ಕೂ ಆಗುತ್ತೆ: ಬಿಗ್ ಮಿಸ್ಟೇಕ್, ಬಿಗ್ ಡಿಸಿಶನ್, ಬಿಗ್ ಡಿಫರೆನ್ಸ್. ‘ಲಾರ್ಜ್ ಮಿಸ್ಟೇಕ್’, ‘ಲಾರ್ಜ್ ಡಿಸಿಶನ್’ ಅಂದರೆ ಕಿವಿಗೆ ಒಗ್ಗಲ್ಲ. ಗ್ರೇಟ್ ಹೆಚ್ಚಾಗಿ ಕಣ್ಣಿಗೆ ಕಾಣದ್ದಕ್ಕೆ: ಗ್ರೇಟ್ ಕೇರ್, ಗ್ರೇಟ್ ಡಿಫಿಕಲ್ಟಿ, ಗ್ರೇಟ್ ಪ್ಲೆಶರ್, ಗ್ರೇಟ್ ಇಂಪಾರ್ಟೆನ್ಸ್. ಇಲ್ಲಿ ‘ಬಿಗ್ ಕೇರ್’, ‘ಬಿಗ್ ಇಂಪಾರ್ಟೆನ್ಸ್’ ನಡೆಯಲ್ಲ.

ನಿಮ್ಮ ‘ಗ್ರೇಟ್ ಲಾಸ್’ ಮೊದಲು ತೆಗೆಯಿರಿ. ಅದು ಯಾರಾದರೂ ತೀರಿಕೊಂಡಾಗ ಹೇಳೋ ಮಾತು. ಹಣದ ನಷ್ಟಕ್ಕೆ ಹೆವಿ ಲಾಸಸ್, ಅದೂ ಬಹುವಚನದಲ್ಲಿ. ಗುಣವಾಚಕ ಬದಲಿಸಿದಾಗ ವಚನವೂ ಬದಲಾಗಬಹುದು ಅನ್ನೋದನ್ನು ಬಹಳ ಜನ ಗಮನಿಸಲ್ಲ.

ಸಾಲುದೀಪ
ಮಳೆಗೆ ಹೆವಿ ಯಾಕೆ, ಗಾಳಿಗೆ ಸ್ಟ್ರಾಂಗ್ ಯಾಕೆ?

ಮಸಿಕುಡಿಕೆ
ಮಳೆ, ಹಿಮ, ಟ್ರಾಫಿಕ್ ಇವೆಲ್ಲ ಪ್ರಮಾಣದ ಲೆಕ್ಕ, ಹಾಗಾಗಿ ಹೆವಿ. ಗಾಳಿ, ಹೊಳೆಯ ಸೆಳೆತ, ವಾಸನೆ ಇವು ತಳ್ಳುವ, ತಾಕುವ ಬಲದ ಲೆಕ್ಕ, ಹಾಗಾಗಿ ಸ್ಟ್ರಾಂಗ್. ಮಂಜು ಕಣ್ಣಿಗೆ ಅಡ್ಡ ಬರುತ್ತೆ, ಹಾಗಾಗಿ ಥಿಕ್ ಅಥವಾ ಡೆನ್ಸ್. ನಾವು ಮಳೆಗೂ ಗಾಳಿಗೂ ದನಿಗೂ ‘ಜೋರು’ ಅಂದುಬಿಡ್ತೀವಿ. ಆ ಒಂದು ಜೋರು ಇಂಗ್ಲಿಷ್‌ಗೆ ಹೋದಾಗ ಹೆವಿ, ಸ್ಟ್ರಾಂಗ್, ಲೌಡ್ ಅಂತ ಮೂರಾಗುತ್ತೆ.

ಒತ್ತಕ್ಷರ
‘ಹೈ ವಿಂಡ್ಸ್’ ಅಂತಾನೂ ಹವಾಮಾನ ವರದಿಯಲ್ಲಿ ಬರುತ್ತಲ್ಲ. ಹೆವಿ ಸ್ಮೋಕರ್ ಅಂದರೆ ತೂಕದವನಾ? ಹೆವಿ ಸ್ಲೀಪರ್? ಕಾರಣ ಕಟ್ಟೋದು ಸುಲಭ, ಆಮೇಲೆ ಅದು ಒಡೆಯುತ್ತೆ. ಅದಕ್ಕೇ ಉರು ಅಂದೆ.

ಅಲ್ಪವಿರಾಮ
ಇಬ್ಬರೂ ಸರಿ. 1966ರಲ್ಲಿ ಭಾಷಾವಿಜ್ಞಾನಿ ಹ್ಯಾಲಿಡೇ ಕೊಟ್ಟ ಉದಾಹರಣೆ ಈಗಲೂ ಎಲ್ಲರೂ ಎತ್ತುವಂಥದ್ದು: ಟೀ ಸ್ಟ್ರಾಂಗ್, ಪವರ್‌ಫುಲ್ ಅಲ್ಲ, ಕಾರು ಪವರ್‌ಫುಲ್, ಸ್ಟ್ರಾಂಗ್ ಅಲ್ಲ, ಆರ್ಗ್ಯುಮೆಂಟ್‌ಗೆ ಎರಡೂ ನಡೆಯುತ್ತೆ. ಎರಡು ಪದಗಳ ಅರ್ಥ ಹತ್ತಿರ ಹತ್ತಿರ ಇದ್ದರೂ ಒಡನಾಟ ಬೇರೆ. ಈ ಒಡನಾಟಕ್ಕೆ ಕೊಲೊಕೇಶನ್ ಅಂತ ಹೆಸರು, ಅದನ್ನು ಭಾಷಾಶಾಸ್ತ್ರದ ಚರ್ಚೆಗೆ ತಂದವರು ಹ್ಯಾಲಿಡೇ ಅವರ ಗುರು ಫರ್ತ್.

ಕನ್ನಡದಲ್ಲೂ ಹೀಗೇ ಅಲ್ವಾ? ಕಡುಬಡತನ ಅಂತೀವಿ, ಗಾಢ ಬಡತನ ಅನ್ನಲ್ಲ. ಗಾಢ ನಿದ್ದೆ ಅಂತೀವಿ, ದಟ್ಟ ನಿದ್ದೆ ಅನ್ನಲ್ಲ. ದಟ್ಟ ಕಾಡು ಅಂತೀವಿ, ಕಡು ಕಾಡು ಅನ್ನಲ್ಲ. ಯಾರೂ ಕೂತು ಕಲಿಸಿದ್ದಲ್ಲ, ಕೇಳಿ ಕೇಳಿ ಬಂದದ್ದು. ಇಂಗ್ಲಿಷ್‌ನಲ್ಲಿ ಅಷ್ಟು ಕೇಳಿರೋದಿಲ್ಲ, ಹಾಗಾಗಿ ಹುಡುಕಬೇಕು.

ಕರಡುಪ್ರತಿ
ಹುಡುಕೋದು ಎಲ್ಲಿ? ಮಾಮೂಲಿ ಡಿಕ್ಷನರಿಯಲ್ಲಿ ಸ್ಟ್ರಾಂಗ್ ನೋಡಿದರೆ ಹದಿನೆಂಟು ಅರ್ಥ ಕೊಟ್ಟು ಕೈ ತೊಳ್ಕೊಳ್ಳುತ್ತೆ.

ನಿಘಂಟುಹುಳ
ನೀವು ಗುಣವಾಚಕವನ್ನು ಹುಡುಕ್ತಿದ್ದೀರಿ. ಹುಡುಕಬೇಕಾದ್ದು ನಾಮಪದವನ್ನು. ಎಲ್ಲ ಕೆಲಸ ಅಲ್ಲಿಂದ ಶುರು.

ಆಕ್ಸ್‌ಫರ್ಡ್ ಕೊಲೊಕೇಶನ್ಸ್ ಡಿಕ್ಷನರಿ ಅಂತ ಒಂದಿದೆ, ಮೊದಲ ಆವೃತ್ತಿ 2002, ಎರಡನೆಯದು 2009. ಅದರಲ್ಲಿ ರೇನ್ ಅಂತ ತೆಗೆದರೆ ಮೊದಲಿಗೇ ಅದರ ಜೊತೆ ಬರುವ ಗುಣವಾಚಕಗಳು, ಅದೂ ಅರ್ಥದ ಗುಂಪುಗಳಾಗಿ, ನಡುವೆ ಉದ್ದಗೆರೆ ಹಾಕಿ. ಜೋರಾದ ಮಳೆಯ ಪದಗಳು ಒಂದು ಕಡೆ, ಸಣ್ಣ ಮಳೆಯ ಪದಗಳು ಇನ್ನೊಂದು ಕಡೆ. ಗೆರೆ ದಾಟಿದರೆ ಅರ್ಥ ಬದಲಾಯ್ತು ಅಂತ ಲೆಕ್ಕ. ಒಂದೇ ಗುಂಪಿನಲ್ಲಿದ್ದ ಮಾತ್ರಕ್ಕೆ ಒಂದರ ಜಾಗಕ್ಕೆ ಇನ್ನೊಂದನ್ನು ಕಣ್ಣುಮುಚ್ಚಿ ಹಾಕೋ ಹಾಗಿಲ್ಲ. ಟೊರೆನ್ಶಿಯಲ್ ಅಂದರೆ ಹೆವಿಗಿಂತ ಎಷ್ಟೋ ಮೇಲೆ.

ತಿದ್ದುಪಡಿ
ದುಡ್ಡು ಕೊಡದೆ ಬೇಕಂದರೆ ಸ್ಕೆಲ್ ಅನ್ನೋ ಜಾಲತಾಣ ಇದೆ, ಪದಬಳಕೆ ಹುಡುಕೋ ಸಾಧನವಾದ ಸ್ಕೆಚ್ ಎಂಜಿನ್‌ನವರದ್ದು. ನೋಂದಣಿ ಬೇಡ. ನಾಮಪದ ಟೈಪ್ ಮಾಡಿ, ವರ್ಡ್ ಸ್ಕೆಚ್ ಒತ್ತಿ. ಆ ನಾಮಪದಕ್ಕೆ ವಿಶೇಷಣವಾಗಿ ಬರುವ ಪದಗಳು ಒಂದು ಅಂಕಣದಲ್ಲಿ ಬರುತ್ತವೆ. ಯಾವುದಾದರೂ ಪದದ ಮೇಲೆ ಒತ್ತಿದರೆ ನಿಜವಾದ ವಾಕ್ಯಗಳು ತೆರೆದುಕೊಳ್ಳುತ್ತವೆ. ಆ ವಾಕ್ಯಗಳನ್ನು ಓದದೆ ಪಟ್ಟಿಯಿಂದ ನೇರ ಎತ್ತಿ ಹಾಕಬೇಡಿ. ಅಲ್ಲೇ ಎಡವೋದು.

ಗೂಗಲ್‌ನ ಎನ್‌ಗ್ರಾಮ್ ವ್ಯೂಯರ್ ಕೂಡ ಸಹಾಯ ಮಾಡುತ್ತೆ. ಗುಣವಾಚಕದ ಜಾಗದಲ್ಲಿ ನಕ್ಷತ್ರ ಚಿಹ್ನೆ ಇಟ್ಟು ಪಕ್ಕದಲ್ಲಿ ನಾಮಪದ ಬರೆದರೆ ಪುಸ್ತಕಗಳಲ್ಲಿ ಹೆಚ್ಚು ಸಿಗುವ ಹತ್ತು ಪದಗಳನ್ನು ತೋರಿಸುತ್ತೆ. ನಕ್ಷತ್ರಕ್ಕೆ ಅಂಡರ್‌ಸ್ಕೋರ್ ಹಾಕಿ ದೊಡ್ಡಕ್ಷರದಲ್ಲಿ ಎ-ಡಿ-ಜೆ ಅಂತ ಅಂಟಿಸಿದರೆ ಗುಣವಾಚಕ ಮಾತ್ರ ಬರುತ್ತೆ. ಇಲ್ಲದಿದ್ದರೆ ‘ದ’, ‘ಆಫ್’ ಅಂಥವೇ ತುಂಬಿಕೊಳ್ಳುತ್ತವೆ.

ಸಾಲುದೀಪ
ಕೋಕಾ ಬಗ್ಗೆ ಯಾರೂ ಹೇಳಲಿಲ್ಲ. ಅಮೆರಿಕನ್ ಇಂಗ್ಲಿಷ್‌ನ ನೂರು ಕೋಟಿ ಪದಕ್ಕೂ ಮೇಲಿನ ಸಂಗ್ರಹ. ಮಾತು, ಕಥೆ, ಪತ್ರಿಕೆ, ಶೈಕ್ಷಣಿಕ ಬರಹ ಹೀಗೆ ವಿಭಾಗ ಮಾಡಿ ತೋರಿಸುತ್ತೆ. ಯಾವ ಜೋಡಿ ಎಲ್ಲಿ ಓಡುತ್ತೆ ಅಂತ ಅಲ್ಲೇ ಗೊತ್ತಾಗಿಬಿಡುತ್ತೆ. ಬಿಗ್ ಪ್ರಾಬ್ಲಮ್ ಮಾತಿಗೆ ಚೆಂದ, ಸಂಶೋಧನಾ ಬರಹಕ್ಕೆ ಮೇಜರ್ ಅಥವಾ ಸೀರಿಯಸ್.

ತಿದ್ದುಪಡಿ
ಹೌದು. ಆದರೆ ಅಲ್ಲಿ ಒಂದು ಗುಂಡಿ ಇದೆ. ಎಷ್ಟು ಸಲ ಬಂದಿದೆ ಅನ್ನೋದರ ಮೇಲೆ ಜೋಡಿಸಿದರೆ ಗುಡ್, ನ್ಯೂ ಥರದ ಎಲ್ಲಕ್ಕೂ ಅಂಟುವ ಪದಗಳು ಮೇಲೆ ಬರುತ್ತವೆ. ಮ್ಯೂಚುವಲ್ ಇನ್ಫರ್ಮೇಶನ್, ಅಂದರೆ ಎರಡು ಪದಗಳ ನಂಟು ಎಷ್ಟು ಗಟ್ಟಿ ಅಂತ ಹೇಳುವ ಅಂಕದ ಮೇಲೆ ಜೋಡಿಸಿದರೆ ಅಪರೂಪದ ಪದಗಳು ಮೇಲೇರುತ್ತವೆ, ಕೆಲವು ಬರೀ ಎರಡು ಸಲ ಬಂದಿರುತ್ತವೆ. ಹಾಗಾಗಿ ಕನಿಷ್ಠ ಇಷ್ಟು ಸಲ ಬಂದಿರಬೇಕು ಅಂತ ಮಿತಿ ಹಾಕಿಕೊಂಡು ಆಮೇಲೆ ಎರಡನೆಯ ಅಂಕ ನೋಡಬೇಕು.

ಮಸಿಕುಡಿಕೆ
ಇಷ್ಟೆಲ್ಲ ಹುಡುಕಿ ಕೊನೆಗೆ ಎಲ್ಲರೂ ‘ಹೆವಿ ರೇನ್’ ಅಂತಲೇ ಬರೆದರೆ ಬರವಣಿಗೆ ಸವಕಲು ನಾಣ್ಯ ಆಗಲ್ವಾ? ಒಳ್ಳೆ ಬರಹ ಹೊಸ ಜೋಡಿ ಹುಟ್ಟಿಸುತ್ತೆ.

ಹಾಳೆಯಂಚು
ಸವೆದ ಜೋಡಿ ಬೇರೆ, ಸಹಜ ಜೋಡಿ ಬೇರೆ. ‘ಹೆವಿ ರೇನ್’ ಓದುಗನ ಕಣ್ಣಿಗೆ ಬೀಳದೆ ಅರ್ಥ ದಾಟಿಸುತ್ತೆ, ಅದಕ್ಕಿಂತ ಹೆಚ್ಚಿನದನ್ನು ಅದು ಕೇಳಲ್ಲ. ‘ಬ್ಲೈಂಡಿಂಗ್ ಸ್ಪೀಡ್’, ‘ಡೆಫನಿಂಗ್ ಸೈಲೆನ್ಸ್’ ಅಂಥವು ಒಂದು ಕಾಲದಲ್ಲಿ ಹೊಸದಾಗಿ ಮಿಂಚಿ ಈಗ ಹಳಸಿರೋವು. ಕ್ಲೀಷೆ ಅನ್ನಬೇಕಾದ್ದು ಇವನ್ನು. ಹೊಸ ಜೋಡಿ ಮಾಡಿ, ಬೇಡ ಅನ್ನಲ್ಲ. ಆದರೆ ಸಹಜವಾದದ್ದು ಯಾವುದು ಅಂತ ಗೊತ್ತಿದ್ದು ಮುರಿದರೆ ಓದುಗನಿಗೆ ಅದು ಬೇಕೆಂದೇ ಮಾಡಿದ್ದು ಅಂತ ತಿಳಿಯುತ್ತೆ. ವರದಿಯಲ್ಲಂತೂ ಆ ಆಟ ಬೇಡವೇ ಬೇಡ.

ಅಲ್ಪವಿರಾಮ
ಇನ್ನೊಂದು ದಾರಿ: ಗುಣವಾಚಕವನ್ನೇ ತೆಗೆದುಬಿಡೋದು. ಹೆವಿ ರೇನ್ ಬದಲು ಡೌನ್‌ಪೋರ್, ಸಣ್ಣ ಮಳೆಗೆ ಡ್ರಿಜಲ್. ಎಂಡ್ ರಿಸಲ್ಟ್, ಫ್ರೀ ಗಿಫ್ಟ್, ಪಾಸ್ಟ್ ಹಿಸ್ಟರಿ ಇವುಗಳಲ್ಲಿ ಮೊದಲ ಪದ ದಂಡ. ನಾಮಪದದಲ್ಲೇ ಆ ಅರ್ಥ ಇದೆ.

ಒತ್ತಕ್ಷರ
ಗುಣವಾಚಕ ಕಡಿಮೆ ಮಾಡಿ ಅನ್ನೋದು ಒಳ್ಳೆ ಸಲಹೆ, ಆದರೆ ಕುರುಡಾಗಿ ಪಾಲಿಸಬೇಡಿ. ‘ಎವಿಡೆನ್ಸ್’ ಅಂತ ಬರೀ ಬಿಟ್ಟರೆ ಸಾಲಲ್ಲ. ಸರ್ಕಮ್‌ಸ್ಟ್ಯಾನ್ಶಿಯಲ್ ಎವಿಡೆನ್ಸಾ, ಕನ್‌ಕ್ಲೂಸಿವ್ ಎವಿಡೆನ್ಸಾ ಅನ್ನೋದರ ಮೇಲೆ ಇಡೀ ವಾಕ್ಯ ನಿಂತಿರುತ್ತೆ. ವಿಂಗಡಿಸೋ ಗುಣವಾಚಕ ಇರಲಿ. ಬರೀ ಹೊಗಳೋದು, ಹಿಗ್ಗಿಸೋದು ಹೋಗಲಿ.

ಸಾಲುದೀಪ
ಪದದ ನೆರಳನ್ನೂ ನೋಡಬೇಕು. ಫೇಮಸ್, ನಟೋರಿಯಸ್ ಎರಡೂ ಹೆಸರು ಮಾಡಿದ್ದಕ್ಕೇ, ಆದರೆ ಎರಡನೆಯದು ಕೆಟ್ಟ ಹೆಸರು. ಚೈಲ್ಡ್‌ಲೈಕ್ ಮೆಚ್ಚುಗೆ, ಚೈಲ್ಡಿಶ್ ಬೈಗುಳ. ಸ್ಲಿಮ್ ಹೊಗಳಿಕೆ, ಸ್ಕಿನ್ನಿ ಅಷ್ಟಲ್ಲ. ಚೀಪ್ ಅಂದರೆ ಕಳಪೆ ಅನ್ನೋ ವಾಸನೆಯೂ ಬರುತ್ತೆ, ಹಾಗಾಗಿ ಮಾರೋರು ಅಫೋರ್ಡಬಲ್ ಅಂತಾರೆ. ಅಟ್ಟರ್ ಅನ್ನೋ ಪದ ಹೆಚ್ಚಾಗಿ ಕೆಟ್ಟದ್ದರ ಜೊತೆಗೇ ಓಡಾಡೋದು: ಅಟ್ಟರ್ ನಾನ್ಸೆನ್ಸ್, ಅಟ್ಟರ್ ಫೇಲ್ಯೂರ್. ‘ಅಟ್ಟರ್ ಸಕ್ಸೆಸ್’ ಅಂದರೆ ವಿಚಿತ್ರ, ಅಲ್ಲಿ ಕಂಪ್ಲೀಟ್ ಬೇಕು. ಡಿಕ್ಷನರಿಯ ಅರ್ಥದ ಸಾಲು ಇದನ್ನು ಯಾವಾಗಲೂ ಹೇಳಲ್ಲ, ಉದಾಹರಣೆ ವಾಕ್ಯಗಳು ಹೇಳುತ್ತವೆ.

ನಿಘಂಟುಹುಳ
ವಿಷಯ ಸ್ವಲ್ಪ ಪಕ್ಕಕ್ಕೆ ಹೋದರೂ ಹೇಳಿಬಿಡ್ತೀನಿ, ನೆರಳು ಕಾಲಕ್ಕೆ ತಕ್ಕಂತೆ ತಿರುಗುತ್ತೆ. ನೈಸ್ ಅನ್ನೋ ಪದಕ್ಕೆ ಮಧ್ಯಯುಗದ ಇಂಗ್ಲಿಷ್‌ನಲ್ಲಿ ದಡ್ಡ ಅನ್ನೋ ಅರ್ಥ ಇತ್ತು, ಲ್ಯಾಟಿನ್‌ನ ‘ಅರಿಯದ’ ಅನ್ನೋ ಮೂಲದಿಂದ ಬಂದದ್ದು.

ಕರಡುಪ್ರತಿ
ಕರಡಿನಲ್ಲಿ ಇನ್ನೊಂದು ಸಿಕ್ಕಿತು: ‘ದ ಅಫ್ರೇಡ್ ವರ್ಕರ್ಸ್’. ಇದೇನು ತಪ್ಪು? ಅಫ್ರೇಡ್ ಗುಣವಾಚಕವೇ ಅಲ್ವಾ?

ಅಲ್ಪವಿರಾಮ
ಗುಣವಾಚಕವೇ, ಆದರೆ ನಾಮಪದದ ಮುಂದೆ ಕೂರಲ್ಲ. ಅಫ್ರೇಡ್, ಅಸ್ಲೀಪ್, ಅಲೈವ್, ಅಲೋನ್, ಅವೇಕ್, ಅಲೈಕ್ ಇವೆಲ್ಲ ಕ್ರಿಯಾಪದದ ಆಚೆಗೇ ಬರೋದು: ದ ಚೈಲ್ಡ್ ಈಸ್ ಅಸ್ಲೀಪ್. ಮುಂದೆ ಬೇಕಾದರೆ ಬದಲಿ ಪದ ಹಾಕಬೇಕು: ಸ್ಲೀಪಿಂಗ್ ಚೈಲ್ಡ್, ಲಿವಿಂಗ್ ಕ್ರೀಚರ್ಸ್, ಫ್ರೈಟನ್ಡ್ ವರ್ಕರ್ಸ್. ಆ ಮೊದಲ ‘ಅ’ ಹಳೆಯ ಇಂಗ್ಲಿಷ್‌ನ ‘ಆನ್’ ಅನ್ನೋ ಪದದಿಂದ ಬಂದದ್ದು. ಅಸ್ಲೀಪ್ ಅಂದರೆ ‘ನಿದ್ದೆಯಲ್ಲಿ’. ನಿದ್ದೆಯಲ್ಲಿ ಅನ್ನೋದನ್ನು ನಾಮಪದದ ಮುಂದೆ ಹೇಗೆ ಇಡ್ತೀರಿ?

ತಿದ್ದುಪಡಿ
ಅಸ್ಲೀಪ್, ಅಲೈವ್‌ಗೆ ಆ ವಿವರಣೆ ಸರಿ. ಅಫ್ರೇಡ್‌ಗೆ ಸರಿ ಅಲ್ಲ, ಅದು ಹಳೆಯ ಫ್ರೆಂಚ್‌ನಿಂದ ಬಂದ ಅಫ್ರೇ ಅನ್ನೋ ಕ್ರಿಯಾಪದದ ಭೂತಕೃದಂತ. ಅಲೋನ್ ಅಂದರೆ ‘ಆಲ್ ಒನ್’ ಕೂಡಿದ್ದು. ಕೆಲವು ಪದಕ್ಕೆ ಹೊಂದಿದ ಕಾರಣವನ್ನು ಎಲ್ಲಕ್ಕೂ ಅಂಟಿಸಬಾರದು. ನಡವಳಿಕೆ ಮಾತ್ರ ಎಲ್ಲದರದ್ದೂ ಒಂದೇ, ಬರೆಯೋರಿಗೆ ಅಷ್ಟು ಗೊತ್ತಿದ್ದರೆ ಆಯ್ತು.

ಉಲ್ಟಾ ಗುಂಪೂ ಇದೆ. ಮೇನ್, ಮಿಯರ್, ಫಾರ್ಮರ್ ಇವು ನಾಮಪದದ ಮುಂದೆ ಮಾತ್ರ ಬರೋದು. ‘ದ ರೀಸನ್ ಈಸ್ ಮೇನ್’ ಅನ್ನೋಕಾಗಲ್ಲ. ಜಾಗ ಬದಲಾದರೆ ಅರ್ಥ ಬದಲಾಗೋವೂ ಇವೆ: ದ ಲೇಟ್ ಪ್ರೆಸಿಡೆಂಟ್ ಅಂದರೆ ತೀರಿಕೊಂಡವರು, ದ ಪ್ರೆಸಿಡೆಂಟ್ ಈಸ್ ಲೇಟ್ ಅಂದರೆ ಇನ್ನೂ ಬಂದಿಲ್ಲ. ದ ಪ್ರೆಸೆಂಟ್ ಮೆಂಬರ್ಸ್ ಈಗಿನ ಸದಸ್ಯರು, ದ ಮೆಂಬರ್ಸ್ ಪ್ರೆಸೆಂಟ್ ಸಭೆಯಲ್ಲಿ ಹಾಜರಿದ್ದವರು. ಸಭಾ ನಡಾವಳಿಯಲ್ಲಿ ಇದು ತಪ್ಪಿದರೆ ಕೋರಂ ಲೆಕ್ಕವೇ ಗೊಂದಲ.

ಸಾಲುದೀಪ
ಬೋರಿಂಗ್, ಬೋರ್ಡ್ ಕೂಡ ಸೇರಿಸಿ. ಉಂಟುಮಾಡೋದು ಇಂಗ್, ಅನುಭವಿಸೋದು ಎಡ್. ಲೆಕ್ಚರ್ ಬೋರಿಂಗ್, ಕೇಳುಗ ಬೋರ್ಡ್.

ಹಾಳೆಯಂಚು
ಅದಕ್ಕೆ ‘ಜನಕ್ಕೆ ಎಡ್, ವಸ್ತುವಿಗೆ ಇಂಗ್’ ಅಂತ ಸೂತ್ರ ಮಾಡಿ ಕಲಿಸ್ತಾರೆ, ಅದು ತಪ್ಪು. ಮನುಷ್ಯನೂ ಬೋರಿಂಗ್ ಆಗಿರಬಹುದು. ‘ಎ ವರೀಡ್ ಲುಕ್’ನಲ್ಲಿ ನೋಟ ವಸ್ತುವೇ, ಆದರೂ ಎಡ್, ಯಾಕೆಂದರೆ ಆ ನೋಟ ಒಳಗಿನ ಚಿಂತೆಯನ್ನು ತೋರಿಸ್ತಿದೆ. ಕನ್‌ಫ್ಯೂಸಿಂಗ್ ಸ್ಟೇಟ್‌ಮೆಂಟ್ ಓದುಗನನ್ನು ಗೊಂದಲಕ್ಕೆ ತಳ್ಳುತ್ತೆ, ಕನ್‌ಫ್ಯೂಸ್ಡ್ ಸ್ಟೇಟ್‌ಮೆಂಟ್ ಬರೆದವನ ಗೊಂದಲವನ್ನು ತೋರಿಸುತ್ತೆ.

ಎಕನಾಮಿಕ್, ಎಕನಾಮಿಕಲ್ ಜೋಡಿಯನ್ನೂ ಕರಡಿನಲ್ಲಿ ಒಮ್ಮೆ ಹುಡುಕಿ. ಮೊದಲನೆಯದು ಅರ್ಥವ್ಯವಸ್ಥೆಗೆ ಸಂಬಂಧಿಸಿದ್ದು, ಎರಡನೆಯದು ಖರ್ಚು ಉಳಿಸುವಂಥದ್ದು. ಹಿಸ್ಟಾರಿಕ್ ಅಂದರೆ ಇತಿಹಾಸದಲ್ಲಿ ಉಳಿಯುವಂಥ ಮಹತ್ವದ್ದು, ಹಿಸ್ಟಾರಿಕಲ್ ಅಂದರೆ ಹಿಂದಿನ ಕಾಲದ್ದು, ಅಷ್ಟೇ. ಸ್ಪೆಲ್ ಚೆಕ್ಕರ್ ಇದ್ಯಾವುದನ್ನೂ ಹಿಡಿಯಲ್ಲ, ಎರಡೂ ಸರಿಯಾದ ಪದಗಳೇ ಆದ್ದರಿಂದ.

ಮಸಿಕುಡಿಕೆ
‘ವೆರಿ ಯುನೀಕ್’ ತಪ್ಪಾ?

ಒತ್ತಕ್ಷರ
ತಪ್ಪು. ಯುನೀಕ್ ಅಂದರೆ ಒಂದೇ ಒಂದು. ಒಂದರಲ್ಲಿ ಬಹಳ ಒಂದು ಇರುತ್ತಾ?

ಅಲ್ಪವಿರಾಮ
ಮಾತಿನಲ್ಲಿ ಅಸಾಮಾನ್ಯ ಅನ್ನೋ ಅರ್ಥಕ್ಕೆ ಧಾರಾಳವಾಗಿ ಬಳಕೆಯಲ್ಲಿದೆ, ಡಿಕ್ಷನರಿಗಳೂ ಆ ಅರ್ಥ ಕೊಡುತ್ತವೆ. ಆದರೆ ಔಪಚಾರಿಕ ಬರಹದಲ್ಲಿ ಅದನ್ನು ಕಂಡು ಹುಬ್ಬೇರಿಸೋರು ಇನ್ನೂ ತುಂಬ ಜನ. ಆಲ್ಮೋಸ್ಟ್ ಯುನೀಕ್ ಬಗ್ಗೆ ಯಾರ ತಕರಾರೂ ಇಲ್ಲ, ಬಹುತೇಕ ಒಂದೇ ಅನ್ನೋಕೆ ಅರ್ಥ ಇದೆ.

ಇದಕ್ಕಿಂತ ಹೆಚ್ಚಾಗಿ ಎಡವೋದು ಹ್ಯೂಜ್, ಫ್ರೀಜಿಂಗ್, ಎಗ್ಝಾಸ್ಟೆಡ್‌ನಂಥ ತುದಿಯ ಪದಗಳಲ್ಲಿ. ಅವುಗಳೊಳಗೆ ವೆರಿ ಆಗಲೇ ಕೂತಿದೆ. ಅದಕ್ಕೇ ವೆರಿ ಕೋಲ್ಡ್, ಆದರೆ ಆಬ್ಸೊಲ್ಯೂಟ್ಲಿ ಫ್ರೀಜಿಂಗ್. ಕ್ವೈಟ್ ಬಗ್ಗೆ ಹುಷಾರು. ಬ್ರಿಟಿಷ್ ಬಳಕೆಯಲ್ಲಿ ಕ್ವೈಟ್ ಗುಡ್ ಅಂದರೆ ಪರವಾಗಿಲ್ಲ ಅನ್ನೋ ಮಟ್ಟ, ಕ್ವೈಟ್ ಇಂಪಾಸಿಬಲ್ ಅಂದರೆ ಸಂಪೂರ್ಣ ಅಸಾಧ್ಯ.

ಕರಡುಪ್ರತಿ
‘ಟೆನ್ ಪೇಜಸ್ ರಿಪೋರ್ಟ್’ ಬಗ್ಗೆ ಯಾರೂ ಹೇಳಲಿಲ್ಲ. ಜೊತೆಗೆ ಎರಡು ಮೂರು ಗುಣವಾಚಕ ಸಾಲಾಗಿ ಬಂದಾಗ ಯಾವುದು ಮೊದಲು, ಕಾಮಾ ಎಲ್ಲಿ?

ತಿದ್ದುಪಡಿ
ಅಂಕೆ ಮತ್ತು ಅಳತೆ ಸೇರಿ ಗುಣವಾಚಕ ಆದರೆ ನಡುವೆ ಹೈಫನ್, ಬಹುವಚನದ ಎಸ್ ಇಲ್ಲ: ಎ ಟೆನ್-ಪೇಜ್ ರಿಪೋರ್ಟ್, ಎ ಫೈವ್-ಇಯರ್ ಪ್ಲಾನ್. ನಾಮಪದದ ಆಚೆ ಬಂದರೆ ಹೈಫನ್ ಹೋಗಿ ಎಸ್ ವಾಪಸ್: ದ ರಿಪೋರ್ಟ್ ಈಸ್ ಟೆನ್ ಪೇಜಸ್ ಲಾಂಗ್. ಎಲ್‌ವೈಯಲ್ಲಿ ಮುಗಿಯುವ ಕ್ರಿಯಾವಿಶೇಷಣದ ಜೊತೆ ಹೈಫನ್ ಬೇಡ: ಎ ನ್ಯೂಲಿ ಬಿಲ್ಟ್ ಹೌಸ್. ಹೈಫನ್ ಬಿಟ್ಟರೆ ಅರ್ಥವೇ ಜಾರೋದೂ ಉಂಟು. ‘ಸ್ಮಾಲ್ ಬಿಸಿನೆಸ್ ಓನರ್’ನಲ್ಲಿ ಸಣ್ಣದು ವ್ಯಾಪಾರವಾ, ಮಾಲೀಕನಾ?

ಕ್ರಮ: ಅಭಿಪ್ರಾಯ, ಗಾತ್ರ, ವಯಸ್ಸು, ಆಕಾರ, ಬಣ್ಣ, ಮೂಲ, ವಸ್ತು, ಉದ್ದೇಶ. ಲವ್ಲಿ ಓಲ್ಡ್ ವುಡನ್ ಟೇಬಲ್ ಸರಿ, ವುಡನ್ ಓಲ್ಡ್ ಲವ್ಲಿ ಟೇಬಲ್ ಅಲ್ಲ. ನಾಮಪದದ ಒಳಗೇ ಇರೋ ಗುಣ ಅದಕ್ಕೆ ಹತ್ತಿರ, ನೋಡೋರ ಅನಿಸಿಕೆ ದೂರ.

ನಿಘಂಟುಹುಳ
‘ಬಿಗ್ ಬ್ಯಾಡ್ ವುಲ್ಫ್’ ಏನು ಮಾಡ್ತೀರಿ? ಗಾತ್ರ ಮೊದಲು, ಅಭಿಪ್ರಾಯ ಆಮೇಲೆ.

ತಿದ್ದುಪಡಿ
ಅಲ್ಲಿ ಸ್ವರದ ಲಯ ಗೆದ್ದಿದೆ ಅಂತಾರೆ: ಮೊದಲು ಇ, ಆಮೇಲೆ ಆ, ಟಿಕ್-ಟಾಕ್, ಜಿಗ್-ಜ್ಯಾಗ್ ಹಾಗೆ. ನುಡಿಗಟ್ಟಾಗಿ ನಿಂತುಬಿಟ್ಟದ್ದನ್ನು ಹಾಗೇ ಬಿಡಿ. ವರದಿಯಲ್ಲಿ ಮೂರಕ್ಕಿಂತ ಹೆಚ್ಚು ಗುಣವಾಚಕ ಸಾಲಾಗಿ ಬಂದರೆ ಕ್ರಮ ಹುಡುಕೋ ಬದಲು ವಾಕ್ಯ ಒಡೆಯಿರಿ.

ಹಾಳೆಯಂಚು
ಕಾಮಾಗೆ ಎರಡು ಪರೀಕ್ಷೆ. ನಡುವೆ ‘ಆ್ಯಂಡ್’ ಹಾಕಿ ನೋಡಿ, ಆಮೇಲೆ ಎರಡನ್ನೂ ಅದಲು ಬದಲು ಮಾಡಿ ನೋಡಿ. ಎರಡಕ್ಕೂ ವಾಕ್ಯ ಒಗ್ಗಿದರೆ ಕಾಮಾ ಬೇಕು: ಎ ಲಾಂಗ್, ಟೀಡಿಯಸ್ ಮೀಟಿಂಗ್. ಒಗ್ಗದಿದ್ದರೆ ಬೇಡ: ಎ ಟಾಲ್ ಬ್ರಿಕ್ ವಾಲ್.

ಕರಡುಪ್ರತಿ
ಇಲ್ಲಿಗೆ ಪಟ್ಟಿ ಹೀಗಾಯ್ತು: ಹೆವಿ ರೇನ್, ಹೈ ಸ್ಪೀಡ್, ಲೋ ಪ್ರೈಸ್, ಲಾರ್ಜ್ ಅಮೌಂಟ್, ಹೆವಿ ಲಾಸಸ್, ಟೆನ್-ಪೇಜ್ ರಿಪೋರ್ಟ್, ಫ್ರೈಟನ್ಡ್ ವರ್ಕರ್ಸ್. ‘ಹೈ ನಾಲೆಡ್ಜ್’ ಒಂದು ಉಳಿಯಿತು. ಮೂಲ ವಾಕ್ಯದಲ್ಲಿ ತಂಡಕ್ಕೆ ಈ ಯಂತ್ರಗಳ ಬಗ್ಗೆ ‘ಹೈ ನಾಲೆಡ್ಜ್’ ಇದೆ ಅಂತಿದೆ.

ನಿಘಂಟುಹುಳ
ಹಲವು ಯಂತ್ರ ಗೊತ್ತಿದ್ದರೆ ಎಕ್ಸ್‌ಟೆನ್ಸಿವ್ ನಾಲೆಡ್ಜ್. ಒಂದರ ಒಳಹೊರಗೆಲ್ಲ ಗೊತ್ತಿದ್ದರೆ ಡೀಪ್ ಅಥವಾ ಡೀಟೇಲ್ಡ್. ಕೈಯಾರೆ ನಡೆಸಬಲ್ಲರು ಅಂತಷ್ಟೇ ಆದರೆ ವರ್ಕಿಂಗ್ ನಾಲೆಡ್ಜ್, ಆಗ ಮುಂದೆ ‘ಎ’ ಸೇರಿಸೋದನ್ನು ಮರೀಬೇಡಿ. ಮೂರರಲ್ಲಿ ಯಾವುದು ನಿಜ ಅಂತ ವರದಿ ಬರೆದವರನ್ನೇ ಕೇಳಬೇಕು.

ಕರಡುಪ್ರತಿ
ಯಂತ್ರ ಹನ್ನೆರಡು ಥರದ್ದಿವೆ. ಎಕ್ಸ್‌ಟೆನ್ಸಿವ್ ಹಾಕಿ ಪಕ್ಕದಲ್ಲಿ ಅವರಿಗೆ ಪ್ರಶ್ನೆ ಬರೆದು ಕಳಿಸ್ತೀನಿ.